ಪಂಪ್‌ಸೆಟ್‌ಗೆ ಹಗಲು ಕರೆಂಟು ಸರಿ, ನೀರಿನ ಲೆಕ್ಕ ಯಾರು ಇಡೋದು?

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಒಂದು ಮೊಸಳೆಯನ್ನು ಹಗ್ಗದಲ್ಲಿ ಕಟ್ಟಿ, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ವಿದ್ಯುತ್ ಕಂಪನಿ ಹೆಸ್ಕಾಂನ ಸಬ್‌ಸ್ಟೇಷನ್‌ಗೆ ತಂದು ಇಳಿಸಿದರು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋದವರಿಗೆ ಸಿಕ್ಕಿದ ಮೊಸಳೆ ಅದು. ಅವರ ಪ್ರಶ್ನೆ ಸರಳ. ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟನ್ನು ರಾತ್ರಿ ಕೊಡುತ್ತೀರಿ, ಕತ್ತಲಲ್ಲಿ ಹಾವು, ಚೇಳು, ಮೊಸಳೆ ಕಚ್ಚಿ ಸತ್ತರೆ ಯಾರು ಹೊಣೆ? ಕೊನೆಗೆ ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು. ವಿಡಿಯೊ ಎಲ್ಲರ ಮೊಬೈಲಿಗೂ ಬಂತು, ಜನ ನಕ್ಕರು, ಮರೆತರು.

ನಕ್ಕು ಮರೆಯುವ ವಿಷಯ ಅದಾಗಿರಲಿಲ್ಲ. ಆ ಟ್ರ್ಯಾಕ್ಟರ್ ಸುತ್ತ ಯಾರ್‍ಯಾರಿದ್ದರು ನೋಡಿ. ನೀರಿಗಾಗಿ ರಾತ್ರಿ ಎದ್ದ ರೈತ, ಕರೆಂಟು ಕೊಡಬೇಕಾದ ಕಂಪನಿ, ಬಾಡುತ್ತಿದ್ದ ಬೆಳೆ, ನದಿಯಿಂದ ಹೊಲಕ್ಕೆ ಬಂದ ಪ್ರಾಣಿ. ನೀರು, ವಿದ್ಯುತ್, ಆಹಾರ, ಪರಿಸರ ನಾಲ್ಕನ್ನೂ ಒಟ್ಟಿಗೆ ನೋಡಬೇಕು ಅಂತ ತಜ್ಞರು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುತ್ತಾ ಇರುತ್ತಾರೆ. ನಮ್ಮಲ್ಲಿ ಆ ನಾಲ್ಕೂ ಈಗಾಗಲೇ ಒಂದು ಕಡೆ ಸೇರಿವೆ. ಎಲ್ಲಿ ಅಂದರೆ, ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಡಬ್ಬದೊಳಗೆ. ಅದನ್ನು ನೋಡಿಕೊಳ್ಳುವ ಇಲಾಖೆಗಳು ಮಾತ್ರ ಬೇರೆ ಬೇರೆ ಕಟ್ಟಡಗಳಲ್ಲಿವೆ.

ಮಳೆ ಕೈಕೊಟ್ಟರೆ ಎರಡು ಏಟು

ಆ ವರ್ಷ ಏನಾಯಿತು ಅಂತ ಮೊದಲು ನೋಡೋಣ. 2023ರ ಆಗಸ್ಟ್ ಭಾರತದ ದಾಖಲೆಯಲ್ಲೇ, ಅಂದರೆ 1901ರಿಂದ ಈಚೆಗೆ, ಅತ್ಯಂತ ಒಣ ಆಗಸ್ಟ್. ಕರ್ನಾಟಕದಲ್ಲಿ ಆಮೇಲೆ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು.

ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಪಂಪ್‌ಸೆಟ್‌ಗಳು ಸುಮ್ಮನಿರುತ್ತವೆ. ಮಳೆ ಬರುತ್ತೆ, ಯಾರೂ ಮೋಟರ್ ಹಾಕಲ್ಲ, ಕರೆಂಟಿಗೆ ಬೇಡಿಕೆ ಕಡಿಮೆ. ಜಲಾಶಯಗಳು ತುಂಬುತ್ತಿರುತ್ತವೆ, ಜಲವಿದ್ಯುತ್ತಿಗೆ ಯೋಚನೆ ಇರಲ್ಲ. 2023ರಲ್ಲಿ ಎರಡೂ ತಿರುಗುಮುರುಗಾದವು. ಮಳೆ ಇಲ್ಲ ಅಂತ ಎಲ್ಲರೂ ಮೋಟರ್ ಹಾಕಿದರು, ಮಳೆಗಾಲದ ಮಧ್ಯದಲ್ಲೇ ರಾಜ್ಯದ ಬೇಡಿಕೆ 16 ಸಾವಿರ ಮೆಗಾವಾಟ್ ದಾಟಿತು. ಅದೇ ಹೊತ್ತಿಗೆ ಲಿಂಗನಮಕ್ಕಿಯಂಥ ಜಲಾಶಯಗಳಲ್ಲಿ ನೀರು ಬಹಳ ಕಡಿಮೆ ಇತ್ತು. 7 ಗಂಟೆ ತ್ರೀ ಫೇಸ್ ಕೊಡುತ್ತೇವೆ ಎಂಬ ಮಾತು 5 ಗಂಟೆಗೆ ಇಳಿಯಿತು. ಆ 5 ಗಂಟೆಯೂ ಹಲವು ಕಡೆ ರಾತ್ರಿ ಪಾಳಿಯಲ್ಲಿ ಬಂತು.

ಹವಾಮಾನ ಬದಲಾವಣೆ ಅಂದಾಗ ನಮಗೆ ಬಿಸಿಲು, ಪ್ರವಾಹ ಕಣ್ಣಿಗೆ ಬರುತ್ತವೆ. ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಈ ಜೋಡಿ ಏಟು. ಒಂದೇ ಬರ, ವಿದ್ಯುತ್ ಬೇಡಿಕೆಯನ್ನು ಏರಿಸುತ್ತೆ, ಉತ್ಪಾದನೆಯನ್ನು ಇಳಿಸುತ್ತೆ. ಜೊತೆಗೆ ವರ್ಷದಿಂದ ವರ್ಷಕ್ಕೆ ಏರುಪೇರು ಹೆಚ್ಚಾಗಿದೆ. 2022ರಲ್ಲಿ ಇದೇ ರಾಜ್ಯದಲ್ಲಿ ಕೆರೆಗಳು ಕೋಡಿ ಹರಿದವು, ಬೆಂಗಳೂರಿನ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಮಾರ್ಚ್‌ನಲ್ಲಿ, ಅದೇ ಊರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು.

ಕಾಯ್ದೆ ಮಾಡದ್ದನ್ನು ಟೈಂಟೇಬಲ್ ಮಾಡಿತು

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ರಾಜ್ಯ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅವಕ್ಕೇ ಹೋಗುತ್ತೆ. 10 ಎಚ್‌ಪಿವರೆಗಿನ ಮೋಟರ್‌ಗೆ 2008ರಿಂದ ಬಿಲ್ ಇಲ್ಲ. ಸರ್ಕಾರ ಅದಕ್ಕಾಗಿ ವಿದ್ಯುತ್ ಕಂಪನಿಗಳಿಗೆ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿಕೊಡುತ್ತೆ.

ರೈತರಿಗೆ ಬಿಟ್ಟಿ ಕರೆಂಟು ಕೊಟ್ಟದ್ದೇ ತಪ್ಪು ಅಂತ ನಗರದಲ್ಲಿ ಕೂತು ಹೇಳುವುದು ಸುಲಭ. ನಾನು ಆ ಮಾತು ಒಪ್ಪುವುದಿಲ್ಲ. ಕಾಲುವೆ ಕೆಳಗಿನ ರೈತನಿಗೆ ಅಣೆಕಟ್ಟನ್ನೂ ಕಾಲುವೆಯನ್ನೂ ಸರ್ಕಾರವೇ ಕಟ್ಟಿಸಿಕೊಟ್ಟಿದೆ, ನೀರಿನ ಕರ ನಾಮಕಾವಸ್ತೆ. ಕೋಲಾರದ, ಪಾವಗಡದ ರೈತನಿಗೆ ಕಾಲುವೆ ಬರಲೇ ಇಲ್ಲ. ಅವನು ಸಾಲ ಮಾಡಿ ಬೋರ್ ಹಾಕಿಸಿದ. ಅವನ ಪಾಲಿಗೆ ಬಂದ ಒಂದೇ ಸಹಾಯ ಈ ಕರೆಂಟು. ತಪ್ಪು ಇರುವುದು ಬೇರೆ ಕಡೆ. ಕರೆಂಟಿಗೆ ಬೆಲೆ ಇಲ್ಲ, ನೀರಿಗೆ ಲೆಕ್ಕ ಇಲ್ಲ, ಎರಡನ್ನೂ ಉಳಿಸಿದವನಿಗೆ ಲಾಭ ಇಲ್ಲ.

ಕಾಯ್ದೆ ಇಲ್ಲ ಅಂತಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಯಬಾರದು ಅಂತ 1999ರಲ್ಲೇ ಬರೆದಾಗಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು ಅಂತ 2011ರ ಅಂತರ್ಜಲ ಕಾಯ್ದೆ ಹೇಳುತ್ತೆ. ಆದರೆ ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ರಿಗ್ ಲಾರಿ ರಾತ್ರೋರಾತ್ರಿ ಕೊರೆದು ಬೆಳಗಾಗುವ ಹೊತ್ತಿಗೆ ಮುಂದಿನ ಊರಿಗೆ ಹೋಗಿರುತ್ತೆ. ಅದನ್ನು ತಡೆಯುವವರು ಯಾರು? ಊರಿನವರಿಗೂ ತಡೆಯುವ ಮನಸ್ಸಿಲ್ಲ. ಇವತ್ತು ಅವನ ಬೋರ್ ಫೇಲ್ ಆಗಿದೆ, ನಾಳೆ ತಮ್ಮದು.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಇಷ್ಟು ವರ್ಷ ಕರ್ನಾಟಕದ ಅಂತರ್ಜಲವನ್ನು ಅಷ್ಟೋ ಇಷ್ಟೋ ತಡೆದು ಹಿಡಿದಿದ್ದು ತ್ರೀ ಫೇಸ್ ಕರೆಂಟಿನ ಟೈಂಟೇಬಲ್. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ ಮೇಲೆ ಈ ಹಿಡಿತ ಇನ್ನೂ ಬಿಗಿಯಾಯಿತು. ಗುಜರಾತ್ ಇದನ್ನು ಮೊದಲೇ, 2003ರ ಆಸುಪಾಸಿನಲ್ಲಿ, ಜ್ಯೋತಿಗ್ರಾಮ ಅಂತ ಶುರುಮಾಡಿ 8 ಗಂಟೆ ನಿಗದಿ ಮಾಡಿತ್ತು. ಯಾರೂ ಇದನ್ನು ನೀರು ಉಳಿಸುವ ಕ್ರಮ ಅಂತ ಕರೆಯಲಿಲ್ಲ. ವಿದ್ಯುತ್ ಕಂಪನಿಗೆ ಲೋಡ್ ಹಂಚುವ ಚಿಂತೆ ಇತ್ತು, ಅಷ್ಟೇ. ನೀರು ಉಳಿದದ್ದು ಅದರ ಜೊತೆಗೆ ಬಂದ ಫಲ.

ಕೆಟ್ಟ ಹಿಡಿತ ಅದು, ಒಪ್ಪುತ್ತೇನೆ. ರಾತ್ರಿ 11ಕ್ಕೋ 2ಕ್ಕೋ ಕರೆಂಟು ಬಂದರೆ ಯಾರು ಎದ್ದು ಹೋಗುತ್ತಾರೆ? ಆಟೊ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಕರೆಂಟು ಬಂದಾಗ ಮೋಟರ್ ತಾನೇ ಓಡುತ್ತೆ, ಹೋಗುವವರೆಗೂ ಓಡುತ್ತೆ, ಗದ್ದೆ ತುಂಬಿ ಬದು ಒಡೆದರೂ ಓಡುತ್ತೆ. ವೋಲ್ಟೇಜ್ ಬಿದ್ದರೆ ಮೋಟರ್ ಸುಡುತ್ತೆ. ಇನ್ನು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಹೊಸದು ಬರುವವರೆಗೆ ಬೆಳೆ ಒಣಗುತ್ತೆ.

ಸಾವಿರ ಅಡಿಯ ಬೆಲೆ

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಅಜ್ಜನ ಕಾಲದ 30 ಅಡಿ ಬಾವಿಯಿಂದ ಅಷ್ಟು ನೀರು ಎತ್ತಲು ಬೇಕಾಗುವುದು ಆರೇಳು ಯೂನಿಟ್ ಕರೆಂಟು. ನೀರು ಸಾವಿರ ಅಡಿಗೆ ಇಳಿದಿದ್ದರೆ, ಎಷ್ಟೇ ಒಳ್ಳೆ ಮೋಟರ್ ಇದ್ದರೂ, ಭೌತಶಾಸ್ತ್ರದ ಪ್ರಕಾರವೇ 85 ಯೂನಿಟ್ ಬೇಕು. ನಮ್ಮ ಹಳ್ಳಿಗಳ ರಿವೈಂಡಿಂಗ್ ಮಾಡಿಸಿದ ಮೋಟರ್, ಹಳೇ ಪೈಪು ಎಲ್ಲಾ ಸೇರಿ ಸಾಮರ್ಥ್ಯ ಶೇಕಡ 40 ಅಂತ ಹಿಡಿದರೆ 200 ಯೂನಿಟ್ ದಾಟುತ್ತೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ ಉಚಿತ ವಿದ್ಯುತ್ ಎಷ್ಟೋ ಅಷ್ಟು! ಒಂದು ಎಕರೆಯನ್ನು ಒಂದೇ ಒಂದು ಸಲ ಒದ್ದೆ ಮಾಡಲು.

ಅಂದರೆ ನೀರು ಕೆಳಗೆ ಹೋದಷ್ಟೂ ಸಬ್ಸಿಡಿ ಮೇಲೆ ಹೋಗುತ್ತೆ. ಬೋರ್ ಆಳ ಮಾಡಲು ರೈತ ಸಾಲ ಮಾಡುತ್ತಾನೆ, ಆಳದಿಂದ ಎತ್ತಲು ಸರ್ಕಾರ ಸಾಲ ಮಾಡುತ್ತೆ.

ಆಳದಲ್ಲಿ ಏನಿದೆ ಅನ್ನುವುದನ್ನೂ ನೋಡಬೇಕು. ಬಯಲುಸೀಮೆಯ ಬಹುಪಾಲು ನೆಲ ಗಟ್ಟಿ ಕಲ್ಲು. ಮೇಲಿನ ಮಣ್ಣು ಮತ್ತು ಶಿಥಿಲವಾದ ಕಲ್ಲಿನ ಪದರದಲ್ಲೇ ನಿಜವಾದ ಸಂಗ್ರಹ ಇರುವುದು. ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು, ಆ ಬಿರುಕಿನಲ್ಲಿ ಸ್ವಲ್ಪ ನೀರು. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರು ಹೇಳಿದ ಜಾಗದಲ್ಲಿ ಆ ಬಿರುಕು ಸಿಕ್ಕರೆ ಅದೃಷ್ಟ. ಸಿಕ್ಕರೂ ಆ ನೀರು ಬೇಗ ಖಾಲಿಯಾಗುತ್ತೆ, ಎಷ್ಟೋ ಕಡೆ ಫ್ಲೋರೈಡ್ ಬೆರೆತು ಬರುತ್ತೆ. ರಾಜ್ಯದ ಸರಾಸರಿ ನೋಡಿದರೆ ಗಾಬರಿ ಆಗಲ್ಲ. ವರ್ಷಕ್ಕೆ ಇಂಗುವ, ಬಳಸಬಹುದಾದ ಅಂತರ್ಜಲದಲ್ಲಿ ಶೇಕಡ 70ಕ್ಕಿಂತ ಕಡಿಮೆ ಎತ್ತುತ್ತಿದ್ದೇವೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಅದು ಶೇಕಡ 100 ದಾಟಿದೆ. ಮಲೆನಾಡಿನ ಮಳೆ ಕೋಲಾರದ ಬೋರ್‌ಗೆ ಬರುವುದಿಲ್ಲ, ಸರಾಸರಿಯಲ್ಲಿ ಮಾತ್ರ ಬರುತ್ತೆ.

ಇಷ್ಟು ಕಷ್ಟಪಟ್ಟು ಎತ್ತಿದ ನೀರು ಯಾವ ಬೆಳೆಗೆ ಹೋಗುತ್ತೆ? ಟೊಮೆಟೊ, ಹಿಪ್ಪುನೇರಳೆ, ಬಾಳೆ, ಕಬ್ಬು. ಈಚೆಗೆ ಅಡಿಕೆ. ಒಂದು ಕಾಲಕ್ಕೆ ಮಲೆನಾಡಿನ ಕಣಿವೆಗಳ ಬೆಳೆಯಾಗಿದ್ದ ಅಡಿಕೆ ಈಗ ಚಿತ್ರದುರ್ಗ, ದಾವಣಗೆರೆ, ತುಮಕೂರಿನ ಬಯಲಿನಲ್ಲಿ ಬೋರ್ ನಂಬಿ ನಿಂತಿದೆ. ಬೇಸಿಗೆಯಲ್ಲಿ ಬೋರ್ ನಿಂತರೆ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳುತ್ತಾರೆ. ದಡ್ಡತನದಿಂದಲ್ಲ. ಅಡಿಕೆಗೆ ಬೆಲೆ ಇದೆ, ಕೂಲಿ ಆಳು ಕಡಿಮೆ ಸಾಕು, ಒಂದು ಸಲ ನೆಟ್ಟರೆ ದಶಕಗಟ್ಟಲೆ ಬರುತ್ತೆ. ರಾಗಿಗೆ 2025–26ರಲ್ಲಿ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದೆ, ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿ, ಸರದಿ, ಮಿತಿ ಎಲ್ಲಾ ದಾಟಬೇಕು. ಯಾರು ಯಾವುದನ್ನು ಆರಿಸುತ್ತಾರೆ ಅನ್ನುವುದರಲ್ಲಿ ಆಶ್ಚರ್ಯ ಏನಿದೆ?

ಕಬ್ಬಿನ ಕಥೆಗೆ ಈಗ ಇನ್ನೊಂದು ತಿರುವಿದೆ. ಅದು ಸಕ್ಕರೆಯ ಜೊತೆಗೆ ಪೆಟ್ರೋಲೂ ಆಗಿದೆ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 2023ರ ಬರದಲ್ಲಿ ಕಬ್ಬು ಕಡಿಮೆಯಾದಾಗ, ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ತಡೆ ಹಾಕಿತು, ಆಮೇಲೆ ಕೆಲವೇ ದಿನಗಳಲ್ಲಿ ಸಡಿಲಿಸಿತು. ಇಂಧನ ನೀತಿ, ಆಹಾರ ನೀತಿ, ಮಳೆ ಮೂರೂ ಒಂದೇ ಹೊಲದಲ್ಲಿ ಡಿಕ್ಕಿ ಹೊಡೆದ ಕ್ಷಣ ಅದು.

ಹನಿ ನೀರಾವರಿ ಮಾಡಿದರೆ ಎಲ್ಲಾ ಸರಿಹೋಗುತ್ತೆ ಅನ್ನುವವರಿದ್ದಾರೆ. ಶೇಕಡ 90ರವರೆಗೆ ಸಹಾಯಧನವೂ ಇದೆ. ಡ್ರಿಪ್ ಹಾಕಿದ ರೈತ ಏನು ಮಾಡುತ್ತಾನೆ? ಒಂದು ಎಕರೆಗೆ ಹೋಗುತ್ತಿದ್ದ ನೀರಿನಲ್ಲಿ ಎರಡು ಎಕರೆ ಮಾಡುತ್ತಾನೆ. ಯಾರಾದರೂ ಅದನ್ನೇ ಮಾಡುತ್ತಾರೆ. ಬೆಳೆ ಹೆಚ್ಚಿತು, ಒಳ್ಳೆಯದು. ನೆಲದಡಿಯ ನೀರು ಉಳಿಯಿತಾ? ಇಲ್ಲ.

ಹೊಳೆ ಬತ್ತಿದ್ದು ಮಳೆ ಇಲ್ಲದೆ ಅಲ್ಲ

ಪರಿಸರದ ಪಾಲು ಈ ಲೆಕ್ಕದಲ್ಲಿ ಯಾವತ್ತೂ ಕೊನೆಗೆ ಬರುತ್ತೆ. ಬೋರ್ ನೀರಿಗೂ ಹೊಳೆಗೂ ಸಂಬಂಧ ಇದೆ ಅನ್ನುವುದನ್ನೇ ನಾವು ಮರೆತಿದ್ದೇವೆ. ಮಳೆ ನಿಂತ ಮೇಲೂ ಹೊಳೆ ಹರಿಯುತ್ತಿದ್ದರೆ ಆ ನೀರು ನೆಲದೊಳಗಿಂದ ಒಸರಿ ಬಂದದ್ದು. ಅಂತರ್ಜಲ ಕೆಳಗಿಳಿದರೆ ಒಸರು ನಿಲ್ಲುತ್ತೆ, ಆಮೇಲೆ ಹೊಳೆ ನಿಲ್ಲುತ್ತೆ.

ಬೆಂಗಳೂರಿನ ಪಕ್ಕದ ಅರ್ಕಾವತಿ ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ. ತಿಪ್ಪಗೊಂಡನಹಳ್ಳಿ ಜಲಾಶಯ 1930ರ ದಶಕದಿಂದ ಬೆಂಗಳೂರಿಗೆ ನೀರು ಕೊಟ್ಟಿತ್ತು. ಒಳಹರಿವು ಕುಸಿದು ಹೋಯಿತು. ಮಳೆ ಕಡಿಮೆಯಾಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು ದಶಕಗಳ ಮಳೆ ಲೆಕ್ಕ ತೆಗೆದು ನೋಡಿದರೆ ಮಳೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಬೋರ್‌ಗಳು, ನೀಲಗಿರಿ ತೋಪುಗಳು, ಅಲ್ಲಲ್ಲಿ ಕಟ್ಟಿದ ತಡೆ ಅಣೆಗಳೇ ಮುಖ್ಯ ಕಾರಣ ಅಂತ 2015ರಲ್ಲಿ ಪ್ರಕಟಿಸಿದರು. ಹವಾಮಾನ ಬದಲಾವಣೆ ನಿಜ. ಆದರೆ ನಾವೇ ಮಾಡಿದ್ದನ್ನೆಲ್ಲ ಅದರ ತಲೆಗೆ ಕಟ್ಟುವ ಚಾಳಿಯೂ ಶುರುವಾಗಿದೆ, ಎಚ್ಚರ ಇರಬೇಕು.

ಹೊಳೆ ಬತ್ತುತ್ತಾ ಬಂದಂತೆ ನಗರ ನೀರಿಗಾಗಿ ದೂರದ ನದಿಯನ್ನೇ ನೆಚ್ಚಿಕೊಂಡಿತು. ಈಗ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್‌ನಷ್ಟು ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ವ್ಯವಸ್ಥೆಯಾಯಿತು. ಹಾಗೆ ಹತ್ತಿಸಲೂ ಕರೆಂಟೇ ಬೇಕು. ಅದೇ ನೀರು ಬಳಕೆಯಾಗಿ, ಕೊಳಚೆಯಾಗಿ, ಎರಡನೇ ಹಂತದವರೆಗೆ ಶುದ್ಧವಾಗಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಮತ್ತೆ ಪಂಪ್ ಆಗಿ ಹೋಗುತ್ತೆ. ಕೋಲಾರದಲ್ಲಿ ಕೆರೆ ತುಂಬಿದ್ದು ಕಂಡು ಜನ ಖುಷಿಪಟ್ಟರು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದು ಕಂಡು ಕೋರ್ಟಿಗೂ ಹೋದರು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದೇ. ನನ್ನ ಚಿಂತೆ ಇನ್ನೊಂದು. ಹೀಗೆ ಮೇಲೆ ಬಂದ ಅಂತರ್ಜಲವನ್ನು ಮತ್ತೆ ಖಾಲಿ ಮಾಡದಂತೆ ನೋಡಿಕೊಳ್ಳುವ ಏರ್ಪಾಡು ಏನಿದೆ? ಕೆರೆಯಿಂದ ನೇರವಾಗಿ ನೀರು ಎತ್ತುವಂತಿಲ್ಲ ಎಂಬ ನಿಯಮ ಇದೆ. ಕೆರೆ ಪಕ್ಕದ ಬೋರ್‌ನಿಂದ ಎತ್ತಬಹುದು!

ಸೋಲಾರ್ ಬಂತು, ಟೈಂಟೇಬಲ್ ಹೋಯಿತು

ಈಗ ಮುಖ್ಯ ವಿಷಯಕ್ಕೆ ಬರೋಣ. ರೋಣಿಹಾಳದ ರೈತರು ಕೇಳಿದ್ದು ಹಗಲು ಕರೆಂಟು. ಅದು ಬರುತ್ತಿದೆ. ಕೃಷಿ ಪಂಪ್‌ಗಳಿಗೆ ಸೋಲಾರ್ ವಿದ್ಯುತ್ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆಯ ‘ಸಿ’ ವಿಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ವಿದ್ಯುತ್ ಕೊಡುವುದು ಲೆಕ್ಕಾಚಾರ. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅಂಥ ಘಟಕಕ್ಕೆ ಚಾಲನೆ ಸಿಕ್ಕಿತು. ಇನ್ನೊಂದು ಕಡೆ, ವಿದ್ಯುತ್ ಲೈನಿನಿಂದ 500 ಮೀಟರ್‌ಗಿಂತ ದೂರ ಇರುವ ಬೋರ್‌ಗಳಿಗೆ ಲೈನ್ ಎಳೆಯುವ ಬದಲು ಸೋಲಾರ್ ಪಂಪ್ ಕೊಡುವುದು. ಅದರಲ್ಲಿ ಕೇಂದ್ರ ಶೇಕಡ 30, ರಾಜ್ಯ ಶೇಕಡ 50 ಹಾಕುತ್ತೆ, ರೈತ ಶೇಕಡ 20 ಹಾಕಿದರೆ ಸಾಕು.

ವಿದ್ಯುತ್ ಕಂಪನಿಯ ಕಡೆಯಿಂದ ನೋಡಿದರೆ ಇದು ಚಿನ್ನದಂಥ ಯೋಜನೆ. ಫೀಡರ್ ಪಕ್ಕದಲ್ಲೇ ಸಿಗುವ ಸೋಲಾರ್ ವಿದ್ಯುತ್ ಯೂನಿಟ್‌ಗೆ ಮೂರು ರೂಪಾಯಿ ಚಿಲ್ಲರೆ. ಈಗ ಪಂಪ್‌ಸೆಟ್‌ಗೆ ಒಂದು ಯೂನಿಟ್ ತಲುಪಿಸಲು ಬೀಳುವ ಖರ್ಚು ಅದರ ಎರಡು ಪಟ್ಟಿನ ಆಸುಪಾಸು. ಸಬ್ಸಿಡಿ ಹೊರೆ ಇಳಿಯುತ್ತೆ, ಲೈನ್ ನಷ್ಟ ಇಳಿಯುತ್ತೆ, ಕಲ್ಲಿದ್ದಲು ಉಳಿಯುತ್ತೆ. ರೈತನಿಗೂ ನಿದ್ದೆ ಸಿಗುತ್ತೆ. ಹಗಲು ಹೊತ್ತು ತಾನೇ ನಿಂತು ನೀರು ಕಟ್ಟಿದರೆ ಆಟೊ ಸ್ಟಾರ್ಟರ್ ಪೋಲು ಕೂಡ ಕಡಿಮೆಯಾಗಬಹುದು. ಇದನ್ನು ವಿರೋಧಿಸಲು ನನಗಂತೂ ಕಾರಣ ಕಾಣಲ್ಲ.

ಆದರೆ ಇದರಲ್ಲಿ ನೀರು ಎಲ್ಲಿದೆ? ಗೌರಿಬಿದನೂರು ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಇಂಗುವುದಕ್ಕಿಂತ ಹೆಚ್ಚು ಎತ್ತುತ್ತಿರುವ ಜಿಲ್ಲೆಯಲ್ಲಿ. ಇವತ್ತು 7 ಗಂಟೆ ಯಾಕೆ, ಜಾಸ್ತಿ ಕೊಡಿ ಅಂದರೆ ಕರೆಂಟು ಇಲ್ಲಪ್ಪ ಅನ್ನಬಹುದು. ನಾಳೆ ಊರಿನ ಪಕ್ಕದಲ್ಲೇ ಬೆಳಗ್ಗೆಯಿಂದ ಸಂಜೆಯವರೆಗೆ ಪ್ಯಾನಲ್ ಹೊಳೆಯುತ್ತಿರುವಾಗ ಆ ಮಾತು ನಡೆಯಲ್ಲ. ಚುನಾವಣೆ ಹತ್ತಿರ ಬಂದಾಗ ಅಂತೂ ಖಂಡಿತ ನಡೆಯಲ್ಲ. ಲೈನ್ ಇಲ್ಲದ ಸೋಲಾರ್ ಪಂಪ್‌ಗೆ ಟೈಂಟೇಬಲ್ಲೇ ಇಲ್ಲ. ಬಿಸಿಲು ಇದ್ದಷ್ಟು ಹೊತ್ತು ನೀರು, ಬರ ಬಿದ್ದ ವರ್ಷ ಬಿಸಿಲು ಇನ್ನೂ ಜಾಸ್ತಿ. ಬೋರ್ ಬತ್ತುವುದೊಂದೇ ಅದಕ್ಕೆ ಮಿತಿ.

ಇದೇ ಪ್ಯಾನಲ್ಲನ್ನು ಬೇರೆ ರೀತಿ ಜೋಡಿಸಿದರೆ ಫಲವೂ ಬೇರೆ. ಆ ಯೋಚನೆ ಕರ್ನಾಟಕಕ್ಕೆ 2014ರಲ್ಲೇ ಬಂದಿತ್ತು. ಸೂರ್ಯ ರೈತ ಅಂತ ಹೆಸರು. ಪಂಪಿಗೆ ಬೇಕಾದ್ದಕ್ಕಿಂತ ದೊಡ್ಡ ಪ್ಯಾನಲ್ಲನ್ನು ರೈತನ ಹೊಲದಲ್ಲೇ ಹಾಕುವುದು, ಅವನು ಬಳಸದೆ ಉಳಿಸಿದ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳುವುದು. ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದ ಫೀಡರ್‌ನಲ್ಲಿ ಮುನ್ನೂರು ಚಿಲ್ಲರೆ ಪಂಪ್‌ಸೆಟ್‌ಗಳಿಗೆ ಪ್ರಯೋಗ ಆಯಿತು. ರಾಜ್ಯಕ್ಕೆಲ್ಲ ಹಬ್ಬಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಅದೇ ಕಾಲಕ್ಕೆ ಆರು ರೈತರು ಸೇರಿ ಸೌರ ವಿದ್ಯುತ್ ಸಹಕಾರ ಸಂಘ ಮಾಡಿದರು. ಕಂಪನಿ ಯೂನಿಟ್‌ಗೆ 4.63 ರೂಪಾಯಿ ಕೊಟ್ಟಿತು. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಅದರ ಮೇಲೆ ಇನ್ನಷ್ಟು ಸೇರಿಸಿತು, ಒಂದು ಪಾಲು ಹಸಿರು ವಿದ್ಯುತ್ತಿಗೆ, ಒಂದು ಪಾಲು ನೀರು ಉಳಿಸಿದ್ದಕ್ಕೆ. ಪಂಜಾಬ್ 2018ರಲ್ಲಿ ಸೋಲಾರ್ ಗೊಡವೆಯೇ ಇಲ್ಲದೆ, ಉಳಿಸಿದ ಯೂನಿಟ್‌ಗೆ 4 ರೂಪಾಯಿ ರೈತನ ಖಾತೆಗೆ ಹಾಕುವ ಪ್ರಯೋಗ ಮಾಡಿತು.

ಕುಸುಮ್ ಘಟಕಕ್ಕೂ ಸೂರ್ಯ ರೈತಕ್ಕೂ ಇರುವ ವ್ಯತ್ಯಾಸ ತಂತ್ರಜ್ಞಾನದ್ದಲ್ಲ. ಸಬ್‌ಸ್ಟೇಷನ್ ಪಕ್ಕದ ಘಟಕದಲ್ಲಿ ವಿದ್ಯುತ್ ಮಾರಿ ಹಣ ಪಡೆಯುವವನು ಗುತ್ತಿಗೆದಾರ. ರೈತನಿಗೆ ಕರೆಂಟು ಬಿಟ್ಟಿ, ಮೋಟರ್ ನಿಲ್ಲಿಸಿದರೆ ಅವನಿಗೆ ಸಿಗುವುದು ಸೊನ್ನೆ. ಸೂರ್ಯ ರೈತದಲ್ಲಿ ಮೋಟರ್ ನಿಲ್ಲಿಸಿದ ಪ್ರತಿ ಗಂಟೆಗೂ ರೈತನಿಗೆ ಹಣ. ಪಾವಗಡದಲ್ಲಿ ಜನ ಈ ಮಾದರಿಯ ಇನ್ನೊಂದು ತುದಿಯನ್ನು ನೋಡಿದ್ದಾರೆ. 2,050 ಮೆಗಾವಾಟ್ ಸೋಲಾರ್ ಪಾರ್ಕ್‌ಗೆ ಸುಮಾರು 13 ಸಾವಿರ ಎಕರೆಯನ್ನು ವರ್ಷಕ್ಕೆ ಎಕರೆಗೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದ ಜಮೀನ್ದಾರನಿಗೆ ಅದು ಖಾತ್ರಿ ಆದಾಯ. ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ.

ಶರಾವತಿಗೆ ಇದರಿಂದ ಏನು?

ಬಯಲುಸೀಮೆಯ ಪ್ಯಾನಲ್ಲಿಗೂ ಶರಾವತಿ ಕಣಿವೆಯ ಕಾಡಿಗೂ ಏನು ಸಂಬಂಧ ಅಂತ ಕೇಳಬಹುದು. ನೇರ ಸಂಬಂಧ ಇದೆ. ಸೋಲಾರ್ ಹೆಚ್ಚಿದಷ್ಟೂ ಮಧ್ಯಾಹ್ನ ಕರೆಂಟು ಮಿಗುತ್ತೆ, ಸಂಜೆ ಸಾಲಲ್ಲ. ಮಿಕ್ಕಿದ್ದನ್ನು ಕೂಡಿಡಲು ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರಾಜ್ಯ ಮುಂದಿಟ್ಟಿದೆ. ಕೆಳಗಿನ ಗೇರುಸೊಪ್ಪೆಯಿಂದ ಮೇಲಿನ ತಳಕಳಲೆಗೆ ನೀರು ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಪಡೆಯುವುದಕ್ಕಿಂತ ಎತ್ತಲು ಹೆಚ್ಚು ವಿದ್ಯುತ್ ಬೇಕು. ಜಾಗ ಇರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. 50 ಹೆಕ್ಟೇರ್‌ಗೂ ಹೆಚ್ಚು ಅರಣ್ಯ, ಸುಮಾರು 16 ಸಾವಿರ ಮರಗಳ ಪ್ರಶ್ನೆ. ಸಾಗರ, ಹೊನ್ನಾವರ ಕಡೆಯ ಜನ ವಿರೋಧಿಸುತ್ತಿದ್ದಾರೆ. ಲಿಂಗನಮಕ್ಕಿಗೆ ಊರು ಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇರುವ ಸೀಮೆ ಅದು.

ಇಲ್ಲಿ ಪಂಪ್‌ಸೆಟ್ ಒಂದು ಸಹಾಯ ಮಾಡಬಲ್ಲದು. ಮೂರನೇ ಒಂದು ಭಾಗದಷ್ಟು ಬಳಕೆಯನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತಂದರೆ, ಮಿಗುವ ಸೋಲಾರನ್ನು ಬೆಟ್ಟದ ಮೇಲೆ ಕೂಡಿಡುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತೆ. ಅಂದರೆ ಹಗಲು ಕರೆಂಟು ಕಾಡಿಗೆ ಒಳ್ಳೆಯದು, ಅಂತರ್ಜಲಕ್ಕೆ ಅಪಾಯ. ಬ್ಯಾಟರಿ, ಪಂಪ್ಡ್ ಸ್ಟೋರೇಜ್, ಪಂಪ್‌ಸೆಟ್ ಪಾಳಿ ಮೂರನ್ನೂ ಒಂದೇ ಹಾಳೆಯ ಮೇಲೆ ಇಟ್ಟು ತೂಗಬೇಕು. ಶರಾವತಿ ಕಡತ ಒಂದು ಕಡೆ, ಕುಸುಮ್ ಕಡತ ಇನ್ನೊಂದು ಕಡೆ ಓಡಾಡುತ್ತಿದ್ದರೆ ಇದು ಯಾರ ಕಣ್ಣಿಗೂ ಬೀಳಲ್ಲ.

ಫೀಡರ್ ಒಂದು, ಲೆಕ್ಕ ಒಂದು

ಹಾಗಾದರೆ ಒಟ್ಟಿಗೆ ನೋಡುವುದು ಎಲ್ಲಿಂದ ಶುರು ಮಾಡುವುದು? ವಿಧಾನಸೌಧದಲ್ಲಿ ಇನ್ನೊಂದು ಸಮಿತಿ ಮಾಡಿದರೆ ಆಗುವ ಕೆಲಸ ಇದಲ್ಲ. ನದಿ ಕಣಿವೆ ಬಹಳ ದೊಡ್ಡದು, ಒಬ್ಬ ರೈತನ ಬೋರ್ ಬಹಳ ಚಿಕ್ಕದು. ನನ್ನ ಮಟ್ಟಿಗೆ ಸರಿಯಾದ ಅಳತೆ ಪಂಪ್‌ಸೆಟ್ ಫೀಡರ್. ಒಂದು ಫೀಡರ್‌ನಲ್ಲಿ ಕೆಲವು ನೂರು ಮೋಟರ್‌ಗಳು, ಎರಡು ಮೂರು ಹಳ್ಳಿ, ಒಂದೋ ಎರಡೋ ಕೆರೆ. ಎಲ್ಲರೂ ಗುರುತಿನವರು. ಎಷ್ಟು ಯೂನಿಟ್ ಹೋಯಿತು ಅಂತ ಸಬ್‌ಸ್ಟೇಷನ್‌ನಲ್ಲೇ ಗೊತ್ತಾಗುತ್ತೆ, ಮನೆಮನೆಗೆ ಮೀಟರ್ ಬೇಕಿಲ್ಲ.

ಇದು ಮುಖ್ಯ, ಯಾಕೆಂದರೆ ಮೀಟರ್ ಅಂದ ಕೂಡಲೇ ಮಾತು ಮುರಿಯುತ್ತೆ. ಪಂಪ್‌ಸೆಟ್ಟಿನ ಆರ್‌ಆರ್ ನಂಬರ್‌ಗೆ ಆಧಾರ್ ಜೋಡಿಸಿ ಅಂದಾಗಲೇ ರೈತ ಸಂಘಟನೆಗಳು ಬೀದಿಗಿಳಿದವು. ಇವತ್ತು ಆಧಾರ್, ನಾಳೆ ಮೀಟರ್, ನಾಡಿದ್ದು ಬಿಲ್ ಅನ್ನುವ ಅನುಮಾನ. ಆ ಅನುಮಾನಕ್ಕೆ ಕಾರಣ ಇಲ್ಲ ಅನ್ನಲು ಆಗಲ್ಲ.

ನೀರಿನ ಕಡೆಯ ಅರ್ಧ ಕೆಲಸವೂ ಆಗಿದೆ. ಅಟಲ್ ಭೂಜಲ ಯೋಜನೆಯಲ್ಲಿ ರಾಜ್ಯದ 14 ಜಿಲ್ಲೆ, 41 ತಾಲ್ಲೂಕುಗಳ ಸುಮಾರು 1,200 ಗ್ರಾಮ ಪಂಚಾಯಿತಿಗಳು ತಮ್ಮೂರಿನ ನೀರಿನ ಬಜೆಟ್ ಮಾಡಿವೆ. ಎಷ್ಟು ಮಳೆ ಬಿತ್ತು, ಎಷ್ಟು ಇಂಗಿತು, ಎಷ್ಟು ಎತ್ತಿದೆವು. ಆದರೆ ಬಜೆಟ್ ಮಾಡಿದ ಪಂಚಾಯಿತಿಗೆ ಖರ್ಚಿನ ಮೇಲೆ ಅಧಿಕಾರ ಇಲ್ಲ. ಫೀಡರ್ ಸ್ವಿಚ್ಚು ವಿದ್ಯುತ್ ಕಂಪನಿ ಎಸ್ಕಾಂ ಕೈಯಲ್ಲಿ, ರಾಗಿ ಖರೀದಿ ಆಹಾರ ಇಲಾಖೆ ಕೈಯಲ್ಲಿ, ಕೆರೆಯ ಹೂಳು ಮತ್ತು ರಾಜಕಾಲುವೆ ಸಣ್ಣ ನೀರಾವರಿ ಕೈಯಲ್ಲಿ.

ಫೀಡರ್ ಲೆಕ್ಕ, ನೀರಿನ ಬಜೆಟ್ ಎರಡನ್ನೂ ಸೇರಿಸಿದರೆ ಏನು ಮಾಡಬಹುದು? ಮುಂಗಾರು ಮುಗಿದ ಮೇಲೆ ಫೀಡರ್‌ನ ರೈತರು ಕೂತು, ಕೆರೆ ನೀರು ಮತ್ತು ಬೋರ್ ಮಟ್ಟ ನೋಡಿ, ಹಿಂಗಾರಿಗೆ ಎಷ್ಟು ಗಂಟೆ ಕರೆಂಟು ಬೇಕು ಅಂತ ತಾವೇ ತೀರ್ಮಾನಿಸಬಹುದು. ನಿಗದಿಗಿಂತ ಕಡಿಮೆ ಬಳಸಿದರೆ ಉಳಿದ ಸೋಲಾರ್ ವಿದ್ಯುತ್ತಿನ ಹಣ ಫೀಡರ್‌ನ ಎಲ್ಲರಿಗೂ ಹಂಚಿಕೆ. ಒಂದು ಪಾಲು ಕೆರೆಗೆ, ಬೋರ್ ಇಲ್ಲದ ಮನೆಗಳಿಗೂ ಒಂದು ಪಾಲು. ಆ ಫೀಡರ್‌ನಲ್ಲಿ ಬೆಳೆದ ರಾಗಿ, ತೊಗರಿಗೆ ಮೊದಲ ಸರದಿಯ ಖರೀದಿ. ಎಲ್ಲಾ ಕಡೆ ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. ದೊಡ್ಡ ತೋಟದವರು ಒಪ್ಪದೇ ಇರಬಹುದು, ಲೈನಿಗೆ ಹುಕ್ ಹಾಕುವವರು ಇದ್ದೇ ಇರುತ್ತಾರೆ. ಈಗಾಗಲೇ ಅಡಿಕೆ ನೆಟ್ಟು ಕೂತವನಿಗೆ ಕಡಿಮೆ ಗಂಟೆ ಸಾಕು ಅಂತ ಹೇಳುವುದು ಕ್ರೌರ್ಯವೂ ಆಗಬಹುದು. ಅವನಿಗೆ ಕೃಷಿ ಹೊಂಡ, ಡ್ರಿಪ್, ಕೆಲವು ವರ್ಷದ ಗಡುವು ಕೊಡಬೇಕು. ಮೊದಲು ಅಂತರ್ಜಲ ಅತಿಯಾಗಿ ಬತ್ತಿದ ತಾಲ್ಲೂಕುಗಳಲ್ಲಿ, ಸೋಲಾರ್ ಘಟಕ ಈಗಷ್ಟೇ ಬರುತ್ತಿರುವ ಫೀಡರ್‌ಗಳಲ್ಲಿ ನೋಡಬೇಕು.

ಅವಸರ ಇರುವುದು ಒಂದೇ ಕಾರಣಕ್ಕೆ. ಈ ಸೋಲಾರ್ ಘಟಕಗಳ ಜೊತೆ ಎಸ್ಕಾಂಗಳು ಮಾಡಿಕೊಳ್ಳುತ್ತಿರುವ ಖರೀದಿ ಒಪ್ಪಂದ 25 ವರ್ಷದ್ದು. ಇವತ್ತು ಸಹಿ ಬಿದ್ದದ್ದು 2050ರವರೆಗೆ ನಡೆಯುತ್ತೆ. ನಿಗದಿಗಿಂತ ಕಡಿಮೆ ವಿದ್ಯುತ್ ಬಳಸಿದ ರೈತನಿಗೆ ಪ್ರೋತ್ಸಾಹಧನ ಕೊಡಬಹುದು ಅಂತ ಕುಸುಮ್‌ನ ಫೀಡರ್ ಮಾರ್ಗಸೂಚಿಯಲ್ಲೇ ಬರೆದಿದೆ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ಫೀಡರ್‌ಗೆ ಆ ನಿಗದಿ ಎಷ್ಟು ಅಂತ ಒಂದು ಅಂಕಿ ಬರೆಯಬೇಕು. ಎಸ್ಕಾಂ ಎಂಜಿನಿಯರ್ ಒಬ್ಬರೇ ಕೂತು ಬರೆದರೆ ಅದು ಲೋಡ್ ಲೆಕ್ಕದ ಅಂಕಿ ಆಗುತ್ತೆ. ಬರೆಯುವಾಗ ಆ ಊರಿನ ನೀರಿನ ಬಜೆಟ್ ಕೂಡ ಅದೇ ಮೇಜಿನ ಮೇಲೆ ಇರಬೇಕು.